ಮಾರಾಟಕ್ಕಿಲ್ಲದ ಮನೆಯನ್ನು ಕೊಂಡದ್ದು

ಬೇಯುತ್ತಿರುವ ಅಲಸಂದೆಗೆ ತೆಂಗಿನ ಹಾಲು ಬಿದ್ದು, ಲವಂಗ ಬಿದ್ದು, ತಳ ಇಷ್ಟೇ ಇಷ್ಟು ಹತ್ತಿದಾಗ ಏಳುವ ವಾಸನೆಯೊಂದಿದೆ. ವರ್ಷಕ್ಕೊಮ್ಮೆ, ಶುಭ ಶುಕ್ರವಾರದ ಬೆಳಿಗ್ಗೆ, ಎದುರಿನ ಮೊಂಟೇರೊ ಮನೆಯಿಂದ ಹೊರಟು, ಓಣಿ ದಾಟಿ, ನಾವು ಬಾಡಿಗೆಗಿದ್ದ ಒಂದೇ ಕೋಣೆಯೊಳಗೆ ಅದು ನೆಂಟರ ಹಾಗೆ ಬಂದು ಕೂರುತ್ತಿತ್ತು. ನಾವು ಮೆಥಡಿಸ್ಟರು, ಫ್ರೆಜೊನ್ ಮಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಅದು ಅಗುಡಾಗಳದ್ದು. ಅವರ ಹಿರಿಯರು ಬ್ರೆಜಿಲ್‌ನ ಗುಲಾಮಗಿರಿಯಿಂದ ಬಿಡಿಸಿಕೊಂಡು ನಮ್ಮ ಲಾಗೋಸಿಗೆ ಮರಳಿದಾಗ ಗಾರೆ ಕೆಲಸವನ್ನೂ ಪೋರ್ಚುಗೀಸ್ ಹೆಸರುಗಳನ್ನೂ ಮೀನಿನ ಸಾರಿನ ಜೊತೆ ತಿನ್ನುವ ಈ ಸಿಹಿ ಗಂಜಿಯನ್ನೂ ಒಟ್ಟಿಗೇ ತಂದಿದ್ದರು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಬಾಗಿಲಿಗೆ ಮೊಣಕೈಯಿಂದ ಗುದ್ದಿದ ಸದ್ದಾಗುತ್ತಿತ್ತು. ಎರಡು ಕೈಯಲ್ಲೂ ಬಟ್ಟಲು ಹಿಡಿದವರು ಬೇರೆ ಹೇಗೆ ತಟ್ಟಿಯಾರು? ಆ ಮನೆಯ ಮಗಳು ಪೆರ್ಪೆತುವಾ, ಆಗಿನ್ನೂ ಹದಿಹರೆಯದವರು, ನೀಲಿ ಅಂಚಿನ ಎನಾಮಲ್ ಬಟ್ಟಲನ್ನು ಅಮ್ಮನ ಕೈಗಿತ್ತು, ಬಿಸಿ ಇದೆ ಎಂದಷ್ಟೇ ಹೇಳಿ ಹೋಗುತ್ತಿದ್ದರು. ಮರುದಿನ ಅಮ್ಮ ಬಟ್ಟಲು ತೊಳೆದು, ಬರಿದು ಕಳಿಸಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ನನ್ನ ಕೈಯಲ್ಲಿ ಕಳಿಸುತ್ತಿದ್ದರು. ನಾನು ಹೊಸ್ತಿಲಾಚೆ ನಿಂತು ಕೊಟ್ಟು, ಬಾಗಿಲ ಮೇಲಿನ ಕಮಾನಿನಲ್ಲಿ ಅರಳಿದ್ದ ಗಾರೆಯ ಹೂಬಳ್ಳಿಯನ್ನು ಒಮ್ಮೆ ನೋಡಿ ಓಡಿಬರುತ್ತಿದ್ದೆ. ಒಳಗೆ ಏನಿದೆಯೆಂದು ಕಂಡಿರಲಿಲ್ಲ. ಓಣಿಯಲ್ಲಿ ಕೊಡುವ ಮನೆಗಳಿದ್ದವು, ಪಡೆಯುವ ಮನೆಗಳಿದ್ದವು. ನಾವು ಪಡೆಯುವವರು. ಅದರಲ್ಲಿ ಅವಮಾನವೇನೂ ಇರಲಿಲ್ಲ. ಅದು ಹಾಗಿತ್ತು, ಅಷ್ಟೇ.

ಮದುವೆಯಾದ ಮೇಲೆ ನಾನು ಸೇತುವೆಯಾಚೆಯ ಸುರುಲೆರೆಗೆ ಹೋದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿದೆ, ನಿವೃತ್ತಳಾದೆ. ಗಂಡ ತೀರಿಕೊಂಡ ಮೇಲೆ ನಮ್ಮ ಫ್ಲ್ಯಾಟಿನ ಮೆಟ್ಟಿಲುಗಳು ವರ್ಷವರ್ಷಕ್ಕೂ ಹೆಚ್ಚುತ್ತಿವೆ ಎಂದು ನನ್ನ ಮಂಡಿಗಳು ಹೇಳತೊಡಗಿದವು. ಆಗ ತಂಗಿಯ ಮಗಳು ಲಾಬಾಕೆ ಒಂದು ಸುದ್ದಿ ತಂದಳು. ಅವಳು ಹಲ್ಲಿನ ಡಾಕ್ಟರು. ಯಾರ ಮುಂದೆಯೂ ಬಾಯಿ ಮುಚ್ಚುವವಳಲ್ಲ. ನಮ್ಮ ಹಳೆಯ ಓಣಿಯ ಮೂಲೆಯಲ್ಲಿ ಕಾಫಿ ಅಂಗಡಿಯಾಗಿದೆ, ಮೊದಲು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಜನ ಈಗ ಅಲ್ಲಿನ ಹಳೆಯ ಬಾಲ್ಕನಿಗಳ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತಾರೆ, ಕುಸಿದ ಮನೆಗಳಿಗೆ ಮತ್ತೆ ಸುಣ್ಣಬಣ್ಣ ಬರುತ್ತಿದೆ ಎಂದು ಹೇಳಿ, ತಾನು ತೆಗೆದ ಫೋಟೋ ತೋರಿಸಿದಳು. ಅವಳ ತಲೆಯ ಹಿಂದೆ ಆ ಗಾರೆಯ ಹೂಬಳ್ಳಿ ಇತ್ತು. ಒಂದೆಲೆಯೂ ಉದುರಿರಲಿಲ್ಲ.

ವಿಚಾರಿಸಿದಾಗ ಆ ಮನೆ ಕೊಡುವ ಯೋಚನೆಯಲ್ಲಿದ್ದಾರೆಂದು ತಿಳಿಯಿತು. ನಾನು ಫ್ಲ್ಯಾಟನ್ನು ಮಾರಲು ನಿಂತೆ. ಲಾಬಾಕೆ ತನ್ನ ಮನೆಗೇ ಬಂದಿರಿ ಎಂದು ಬಹಳ ಕರೆದಳು, ಆಮೇಲೆ ಗೇಲಿಗೆ ಇಳಿದಳು.

“ದೊಡ್ಡಮ್ಮ, ಎಲ್ರೂ ಆ ಮನೆ ಮುಂದೆ ಫೋಟೋ ತೆಗೆಸ್ಕೊಂಡು ವಾಪಸ್ ಮನೆಗೆ ಹೋಗ್ತಾರೆ. ನೀವೊಬ್ರು ಫೋಟೋದೊಳಗೇ ಹೋಗಿ ಇರ್ತೀನಿ ಅಂತಿದೀರಿ.”

ಮೊಂಟೇರೊ ಕುಟುಂಬದ ಯಜಮಾನಿಕೆ ಈಗ ಬಾಬಾ ಅನಿಸೆಟೊ ಅವರದ್ದು. ವಯಸ್ಸಿನಲ್ಲಿ ನನಗಿಂತ ನಾಲ್ಕಾರು ವರ್ಷ ದೊಡ್ಡವರು, ಯಾಬಾದಲ್ಲಿ ಮಗನ ಜೊತೆ ಇದ್ದಾರೆ. ಮಾತಿಗೆ ಮೊದಲು ನಗುವ ಮನುಷ್ಯ. ಅತಿಥಿ ಮರ್ಯಾದೆಗೆಂದು ನನಗೆ ಕೋಲಾ ಕಾಯಿ ಕೊಟ್ಟು, ನನ್ನ ಶಾಲೆಯ ಹೆಸರು ಕೇಳಿ, ತಮ್ಮ ಸೊಸೆಯೂ ಅಲ್ಲೇ ಓದಿದ್ದೆಂದು ಹೇಳಿ, ಅವಳನ್ನು ಕರೆಸಿ, ಅವಳು ನನ್ನ ಮುಂದೆ ಮಂಡಿಯೂರಿ ನಮಸ್ಕಾರ ಮಾಡಿದ ಮೇಲೆ ವಿಷಯಕ್ಕೆ ಬಂದರು.

“ಮನೆ ಜೊತೆ ಇಬ್ರು ಬರ್ತಾರೆ, ಟೀಚರಮ್ಮ. ಒಬ್ರು ಮನೆ ಕಟ್ಟಿದ ತಾತ. ನಡುಮನೇಲಿ ಕಲ್ಲಿನ ಕೆಳಗೆ ಮಲಗಿದಾರೆ. ಅವರಿಂದ ಏನೂ ತೊಂದ್ರೆ ಇಲ್ಲ. ಇನ್ನೊಬ್ರು ನಮ್ಮತ್ತೆ, ನಮ್ಮಪ್ಪನ ತಂಗಿ.”

ಅತ್ತೆಯ ಬಗ್ಗೆ ಅಂಥ ಭರವಸೆಯನ್ನು ಅವರು ಕೊಡಲಿಲ್ಲ. ಅತ್ತೆಯೆಂದರೆ ಬಟ್ಟಲು ತರುತ್ತಿದ್ದ ಪೆರ್ಪೆತುವಾ. ಮದುವೆಯಾಗದೆ, ಹುಟ್ಟಿದ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಾರಂತೆ. ನಾನು ತಕ್ಷಣ ಹೇಳಿದೆ: ಅವರು ಎಲ್ಲಿದ್ದಾರೋ ಅಲ್ಲೇ ಇರಲಿ, ಅವರಿರುವವರೆಗೂ ಆ ಕೋಣೆ ಅವರದ್ದೇ; ಹಾಗಿದ್ದರೆ ಮಾತ್ರ ನಾನು ಮುಂದಿನ ಮಾತಾಡುತ್ತೇನೆ. ಬಾಬಾ ಅನಿಸೆಟೊ ಎದೆಯ ಮೇಲೆ ಕೈಯಿಟ್ಟುಕೊಂಡು, ನಾನು ಒಳ್ಳೆಯ ಮನೆತನದವಳೆಂದೂ ಈ ಮಾತನ್ನು ಅತ್ತೆಗೆ ತಾವೇ ಹೋಗಿ ತಿಳಿಸುವುದಾಗಿಯೂ ಹೇಳಿದರು.

ಕುಟುಂಬದ ಸಭೆ ಆ ಮನೆಯಲ್ಲೇ ನಡೆಯಿತು. ಜೀವನದಲ್ಲಿ ಮೊದಲ ಬಾರಿ ಆ ಹೊಸ್ತಿಲು ದಾಟಿದೆ. ನಡುಮನೆಯ ನೆಲದಲ್ಲಿ ಬಿಳಿಯ ಕಲ್ಲಿನ ಸಮಾಧಿ. ಅದಕ್ಕೆ ಯಾರ ಕಾಲೂ ತಾಗದಂತೆ ಸುತ್ತ ಕುರ್ಚಿ ಹಾಕಿದ್ದರು. ಕುಟುಂಬದ ಮೂರೂ ಕವಲಿನವರು ಬಂದಿದ್ದರು. ಅನ್ನ ಬಂತು, ಕೋಳಿ ಬಂತು, ತಣ್ಣನೆಯ ಬಾಟಲಿಗಳು ಬಂದವು. ಯಾರದೋ ಮದುವೆ, ಯಾರದೋ ಮಂಡಿ ನೋವು, ಚರ್ಚಿನ ಹೊಸ ಪಾದ್ರಿ, ಎಲ್ಲದರ ಮಾತೂ ಆಯಿತು. ಮನೆಯ ಮಾತೊಂದು ಬಿಟ್ಟು. ಪೆರ್ಪೆತುವಾ ಆಂಟಿ ಕಾಣಲಿಲ್ಲ. ಅವರಿಗೆಲ್ಲ ಹೇಳಿಯಾಗಿದೆ, ಮಲಗಿದ್ದಾರೆ ಎಂದರು. ಆದರೆ ಊಟದ ಕೊನೆಗೆ ಹಿಂದಿನ ಬಾಗಿಲಿನಿಂದ ಒಂದು ತಟ್ಟೆ ಕಿತ್ತಳೆ ಬಂತು. ಒಂದೊಂದರ ಸಿಪ್ಪೆಯನ್ನೂ ತೆಳ್ಳಗೆ ಸುರುಳಿಸುರುಳಿಯಾಗಿ ತೆಗೆದು, ಹೀರಲು ತಲೆ ಕತ್ತರಿಸಿಟ್ಟಿದ್ದರು. ಮಲಗಿದವರು ಯಾರೂ ಅಷ್ಟು ಕಿತ್ತಳೆ ಸುಲಿಯಲಾರರು ಎಂದು ನನಗನ್ನಿಸಿತು. ಹೊಸಬಳು ಪ್ರಶ್ನೆ ಕೇಳಬಾರದೆಂದು ಸುಮ್ಮನಿದ್ದೆ.

ಎಲ್ಲರೂ ಏಳುವ ಹೊತ್ತಿಗೆ ನಾನೇ ಧೈರ್ಯ ಮಾಡಿ, ಹಾಗಾದರೆ ಮನೆ ಮಾರುವುದು ಎಲ್ಲರಿಗೂ ಒಪ್ಪಿಗೆಯೇ ಎಂದು ಕೇಳಿದೆ. ಬಾಬಾ ಅನಿಸೆಟೊ ನನ್ನನ್ನು ಬಹಳ ಕನಿಕರದಿಂದ ನೋಡಿದರು.

“ಮೊಂಟೇರೊ ಮನೆ ಮಾರೋದುಂಟಾ, ಟೀಚರಮ್ಮ? ನಾವು ಮಾರ್ತಾ ಇಲ್ಲ. ನಾವು ನಿಮಗೆ ಕೊಡ್ತಾ ಇದೀವಿ. ನೀವೂ ನಮಗೆ ಏನೋ ಕೊಡ್ತಾ ಇದೀರಿ.”

“ಅಂದ್ರೆ ಮನೆ ನಂದಾಗತ್ತೆ, ಅಲ್ವಾ?”

“ಈ ಭೂಮಿ ಮೇಲೆ ಯಾವುದು ಯಾರದು?” ಎಂದು ಅವರು ಸಮಾಧಿಯ ಕಡೆ ಕೈ ತೋರಿಸಿದರು. ಎಲ್ಲರೂ ಆಮೆನ್ ಎಂದರು. ನಾನೂ ಎಂದೆ. ಯಾವುದಕ್ಕೆ ಎಂದು ತಿಳಿಯಲಿಲ್ಲ.

ಪತ್ರಗಳಾದವು, ಸಹಿಗಳಾದವು, ಕೊಡಬೇಕಾದ್ದನ್ನು ಕೊಟ್ಟೆ. ಎಲ್ಲವೂ ಸರಿಯಾಗಿದೆ ಎಂದು ವಕೀಲರು ಹೇಳಿದರು. ಹೇಳಿದವರು ಮನೆಯಿಂದ ಹೊರಗೆ ಬಂದಾಗ ಗೋಡೆಯ ಕಡೆ ನೋಡಿ ಸ್ವಲ್ಪ ಹೊತ್ತು ನಿಂತರು.

ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ, ಓಣಿಯ ಆ ತುದಿಗೂ ಕಾಣುವಂತೆ, ಹೀಗೆ ಬರೆದಿತ್ತು: ‘ಈ ಮನೆ ಮಾರಾಟಕ್ಕಿಲ್ಲ. ಮೋಸಗಾರರಿದ್ದಾರೆ, ಎಚ್ಚರಿಕೆ.’

ನಮ್ಮೂರಿನಲ್ಲಿ ಅರ್ಧ ಗೋಡೆಗಳು ಇದನ್ನೇ ಹೇಳುತ್ತವೆ. ಮನೆಯವರು ಊರಲ್ಲಿಲ್ಲದಾಗ ಯಾರೋ ಬಂದು ತಾನೇ ಯಜಮಾನನೆಂದು ಮಾರಿಬಿಟ್ಟಾನು ಎಂಬ ಹೆದರಿಕೆಗೂ ಬರೆಯುತ್ತಾರೆ. ಅಣ್ಣ ತನಗೆ ಹೇಳದೆ ಮಾರಿಯಾನು ಎಂದು ತಮ್ಮನೂ ಬರೆಯುತ್ತಾನೆ. ಎರಡನೆಯದೇ ಹೆಚ್ಚು. ಬಾಬಾ ಅನಿಸೆಟೊ ಅದನ್ನು ಹಳೆಯ ಬರಹ, ಯಾವ ಕಾಲದ್ದೋ, ಅಳಿಸಿಬಿಡಿ ಎಂದು ಕೈ ಬೀಸಿದರು. ಫ್ಲ್ಯಾಟು ಕೊಂಡವರು ನನಗೆ ಈಸ್ಟರ್‌ವರೆಗೆ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಗೋಡೆ ಚೊಕ್ಕವಾಗಿರಲೆಂದು ಬಣ್ಣ ಬಳಿಯುವ ಸಿಕಿರುವನ್ನು ಕರೆಸಿದೆ. ಅವನು ಗೋಡೆ ಕೆರೆದು, ಅಡಿಯಲ್ಲಿ ಸಿಕ್ಕ ಹಳೆಯ ಹಳದಿಗೆ ಹೊಂದುವ ಹಳದಿ ಬಳಿದ. ಸಂಜೆ ಬಿಸಿಲಿನಲ್ಲಿ ಆ ಗೋಡೆ ಮಾವಿನ ಹಣ್ಣಿನ ಹೋಳಿನ ಹಾಗೆ ಕಂಡಿತು. ನನಗೆ ಅಂದು ನಿದ್ದೆ ಚೆನ್ನಾಗಿ ಬಂತು.

ಮುಂದಿನ ವಾರ ಪರದೆಗಳ ಅಳತೆ ತೆಗೆಯಲೆಂದು ಲಾಬಾಕೆಯ ಕಾರಿನಲ್ಲಿ ಹೋದರೆ, ಹಳದಿಯ ಮೇಲೆ ಕೆಂಪು. ಅದೇ ಮಾತು. ಅಕ್ಷರಗಳು ಮಾತ್ರ ಮೊದಲಿಗಿಂತ ಸ್ವಲ್ಪ ಕೆಳಗಿದ್ದವು, ಸಾಲು ಬಲಕ್ಕೆ ಬರುತ್ತಾ ಜಾರಿತ್ತು.

ಬಾಬಾ ಅನಿಸೆಟೊಗೆ ಫೋನ್ ಮಾಡಿದೆ. ಅವರು ನಿಟ್ಟುಸಿರುಬಿಟ್ಟು, ಇದು ಎಬುಟೆ ಮೆಟ್ಟಾದಲ್ಲಿರುವ ಎರಡನೆಯ ಕವಲಿನ ಬೆನೆಡಿಟಾಳ ಕೆಲಸ, ಸಭೆಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡವರು ಯಾವಾಗಲೂ ಹೀಗೆಯೇ ಎಂದರು. ಅರ್ಧ ಗಂಟೆಯೊಳಗೆ ಬೆನೆಡಿಟಾ ಅವರೇ ಫೋನ್ ಮಾಡಿದರು. ಪಾಪ, ನಿಮ್ಮಂಥವರಿಗೆ ಹೀಗಾಗಬಾರದಿತ್ತು, ಇದೆಲ್ಲ ಅನಿಸೆಟೊನದ್ದೇ ಆಟ, ಬೆಲೆ ಏರಿಸಲು ಮಾಡುತ್ತಿದ್ದಾನೆ, ನಮ್ಮ ಕವಲಿನ ಒಪ್ಪಿಗೆ ಬಂಡೆಯ ಹಾಗೆ ಗಟ್ಟಿ ಎಂದರು. ಮೂರನೆಯ ಕವಲಿನವರು ಇಬ್ಬರನ್ನೂ ನಂಬಬೇಡಿ ಎಂದರು. ಎಲ್ಲರೂ ನನ್ನ ಆರೋಗ್ಯ ವಿಚಾರಿಸಿದರು, ಎಲ್ಲರೂ ನನಗಾಗಿ ಪ್ರಾರ್ಥಿಸುವುದಾಗಿ ಹೇಳಿದರು. ಅಷ್ಟು ಜನರ ಪ್ರಾರ್ಥನೆ ಇದ್ದೂ ನನ್ನ ಮನೆ ನನ್ನದೋ ಅಲ್ಲವೋ ಎಂಬುದು ನನಗೆ ಗೊತ್ತಾಗಲಿಲ್ಲ. ಪೆರ್ಪೆತುವಾ ಅವರನ್ನು ಕೇಳಬಹುದೇ ಎಂದರೆ ಮೂವರೂ ಒಂದೇ ಮಾತು ಹೇಳಿದರು: ಅತ್ತೆಗೆ ಕಣ್ಣು ಮಂಜು, ಕಿವಿ ಮಂದ, ಅವರನ್ನು ಇದಕ್ಕೆಲ್ಲ ಎಳೆಯಬೇಡಿ.

“ಹಾಗಾದ್ರೆ ಕಲ್ಲಿನ ಕೆಳಗಿರೋ ತಾತನೇ ಎದ್ದು ಬರೀತಿರಬೇಕು” ಎಂದಳು ಲಾಬಾಕೆ. “ಅವರೊಬ್ರದೇ ಸಹಿ ತಗೊಂಡಿಲ್ಲ ನೋಡಿ.”

ಸಿಕಿರು ಮತ್ತೆ ಬಂದು ಬಳಿದ. ಮತ್ತೆ ಕೆಂಪು ಬಂತು. ಮೂರನೆಯ ಸಲ ಬಳಿದು ಮುಗಿಸಿ ಅವನು ಕುಂಚ ಕೆಳಗಿಟ್ಟು, ಅಮ್ಮಾ, ನನಗೆ ಕೂಲಿ ಸಿಗುತ್ತೆ, ಬೇಡ ಅನ್ನಲ್ಲ, ಆದರೆ ಬೇಡ ಅನ್ನುವ ಮನೆಗೆ ಬಣ್ಣ ಹಚ್ಚಿದರೆ ಕೈಗೆ ಒಳ್ಳೆಯದಲ್ಲ ಎಂದ. ಆ ಮಾತು ನನ್ನೊಳಗೆ ಕೂತುಬಿಟ್ಟಿತು. ರೇಖಾಂಶ ಅಕ್ಷಾಂಶ ಕಲಿಸಿದವಳು ನಾನು; ಆದರೂ ಗೋಡೆಯನ್ನು ನೋಡುವಾಗ, ಹೊಸ್ತಿಲಾಚೆ ನಿಲ್ಲುತ್ತಿದ್ದ ಹುಡುಗಿಗೆ ಆ ಮನೆಯೇ ಮಾತು ಹೇಳುತ್ತಿದೆ ಅನ್ನಿಸುತ್ತಿತ್ತು. ಒಪ್ಪದ ಯಾರೋ ಒಬ್ಬರಿದ್ದಾರೆ. ಅವರ ಒಪ್ಪಿಗೆಯಿಲ್ಲದೆ ಆ ಬಾಗಿಲಿನೊಳಗೆ ನನ್ನ ಮಂಚ ತಂದು ಹಾಕಲು ಮನಸ್ಸು ಬರುತ್ತಿರಲಿಲ್ಲ. ಹಾಕದಿದ್ದರೆ ಈಸ್ಟರ್ ಆದ ಮೇಲೆ ಮಂಚ ಎಲ್ಲಿ ಹಾಕುವುದು ಎಂಬುದಕ್ಕೂ ಉತ್ತರವಿರಲಿಲ್ಲ.

ಹೋದಾಗಲೆಲ್ಲ ಪೆರ್ಪೆತುವಾ ಆಂಟಿ ಹಿತ್ತಲಲ್ಲಿ ಸಿಗುತ್ತಿದ್ದರು. ನೆಟ್ಟಗಿನ ಬೆನ್ನು, ಬಿಗಿಯಾಗಿ ಕಟ್ಟಿದ ತಲೆವಸ್ತ್ರ. ಮೊದಲ ದಿನವೇ ನನ್ನನ್ನು ಎದುರುಮನೆಯ ರೈಲ್ವೆ ಕ್ಲಾರ್ಕರ ಮಗಳು ಎಂದು ಗುರುತು ಹಿಡಿದಿದ್ದರು. ಕಿವಿ ಏನೂ ಮಂದವಿರಲಿಲ್ಲ. ನಾನು ಕೂರುವ ಮೊದಲು ಸ್ಟೂಲನ್ನು ನೆರಳಿಗೆ ಎಳೆದು, ತಮ್ಮ ಸೆರಗಿನಿಂದ ಒರೆಸುತ್ತಿದ್ದರು. ನೀರು ಕೊಟ್ಟರೆ ಲೋಟದ ಮೇಲೊಂದು ತಟ್ಟೆ ಮುಚ್ಚಿರುತ್ತಿತ್ತು. ಒಮ್ಮೆ ನನ್ನ ಚಪ್ಪಲಿಯ ಪಟ್ಟಿ ಕಿತ್ತಾಗ, ನಾನು ಹೊರಡುವಷ್ಟರಲ್ಲಿ ಅದನ್ನು ದಾರದಿಂದ ಹೊಲಿದಿಟ್ಟಿದ್ದರು. ಮನೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರ ಬೆರಳ ಸಂದಿಯಲ್ಲಿ ಕೆಂಪು ಕಂಡಿತ್ತು. ತಾಳೆ ಎಣ್ಣೆ ಎಂದುಕೊಂಡೆ. ಕೋಣೆಯ ಬಾಗಿಲಲ್ಲಿ ಹಗ್ಗ ಬಿಗಿದ ಟ್ರಂಕೊಂದಿತ್ತು. ಹಳೆಯ ಸಾಮಾನು ಎಂದುಕೊಂಡೆ.

ಪವಿತ್ರ ವಾರ ಬಂತು. ಗುರುವಾರ ಬೆಳಿಗ್ಗೆ, ಯಾರಿಗೂ ಹೇಳದೆ, ಕೊನೆಯದಾಗಿ ಒಂದು ಸಲ ಮನೆ ನೋಡಿ ತೀರ್ಮಾನ ಮಾಡೋಣವೆಂದು ಬಸ್ಸು ಹತ್ತಿದೆ. ಓಣಿಯ ತಿರುವಿನಲ್ಲಿ ಕಾಫಿ ಅಂಗಡಿಯ ಚಿಸೊಮ್ ಕುರ್ಚಿಗಳನ್ನು ಹೊರಗಿಡುತ್ತಿದ್ದಳು. ಅವಳು ವಾಸವಿರುವುದು ಓಣಿಯೊಳಗೆ, ನಾವು ಹಿಂದೆ ಇದ್ದ ಅದೇ ಬಾಡಿಗೆ ಕೋಣೆಯಲ್ಲಿ. ನನ್ನನ್ನು ಕಂಡು ಗುಡ್ ಮಾರ್ನಿಂಗ್ ಮಾ ಎಂದು ಬಾಗಿದಳು. ನಾನು ತಿರುಗಿ ಏನೆಂದೆನೋ ನೆನಪಿಲ್ಲ. ಯಾಕೆಂದರೆ ಆಚೆಗೆ, ಮೊಂಟೇರೊ ಮನೆಯ ಮುಂದೆ, ಹಾಡಹಗಲಲ್ಲಿ, ಸ್ಟೂಲಿನ ಮೇಲೆ ನಿಂತು, ಎಡಗೈಯಲ್ಲಿ ಹಾಲಿನ ಪುಡಿಯ ಹಳೆಯ ಡಬ್ಬಿ ಹಿಡಿದು, ಪೆರ್ಪೆತುವಾ ಆಂಟಿ ಕೆಂಪು ಬಣ್ಣದಲ್ಲಿ ಅಕ್ಷರ ಬರೆಯುತ್ತಿದ್ದರು. ‘ಈ ಮನೆ ಮಾರಾಟ’ದವರೆಗೆ ಬಂದಿದ್ದರು.

ಹತ್ತಿರ ಹೋದೆ.

“ಆಂಟಿ, ನೀವಾ?”

ಅವರು ತಿರುಗಲಿಲ್ಲ. “ಬಂದ್ಯಾ? ಸ್ಟೂಲು ಸ್ವಲ್ಪ ಹಿಡ್ಕೋ. ಅಲ್ಲಾಡ್ತಿದೆ” ಎಂದರು.

ಹಿಡಿದುಕೊಂಡೆ. ನಾನು ಕೊಂಡ ಮನೆಯ ಗೋಡೆಯ ಮೇಲೆ ಅದು ಮಾರಾಟಕ್ಕಿಲ್ಲವೆಂದು ಬರೆಯುತ್ತಿದ್ದವರು ಬೀಳದಂತೆ, ಎರಡೂ ಕೈಯಲ್ಲಿ, ಅವರು ಕೊನೆಯ ಚುಕ್ಕೆ ಇಡುವ ತನಕ ಹಿಡಿದುಕೊಂಡೇ ನಿಂತಿದ್ದೆ. ಆಮೇಲೆ ಅವರು ನನ್ನ ಹೆಗಲ ಮೇಲೆ ಕೈಯೂರಿ ಇಳಿದರು.

“ನಿಮಗೆ ಇಷ್ಟ ಇಲ್ಲ ಅಂತ ನನಗೊಂದು ಮಾತು ಹೇಳಬಹುದಿತ್ತು, ಆಂಟಿ.”

“ಯಾವುದು ಇಷ್ಟ ಇಲ್ಲ?”

“ನಾನು ಮನೆ ತಗೊಳ್ಳೋದು.”

ಅವರು ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸುತ್ತಾ, ಇದೆಂಥ ಪ್ರಶ್ನೆ ಎನ್ನುವ ಹಾಗೆ ನನ್ನನ್ನು ನೋಡಿದರು. “ಅದ್ಯಾಕೆ ಇಷ್ಟ ಇಲ್ದೆ ಇರತ್ತೆ? ಯಾರೋ ಗುರುತಿಲ್ದೋರು ಬರೋದಕ್ಕಿಂತ ನೀನು ಬರೋದು ಒಳ್ಳೇದಲ್ವಾ. ನಿಮ್ಮಮ್ಮ ಒಂದು ವರ್ಷಾನೂ ಬಟ್ಟಲು ಖಾಲಿ ಕಳಿಸಿದೋರಲ್ಲ.”

“ಮತ್ತೆ ಇದು?”

ಅವರು ನನ್ನನ್ನು ಹಿತ್ತಲಿಗೆ ಕರೆದೊಯ್ದು, ಸ್ಟೂಲು ಒರೆಸಿ ಕೂರಿಸಿ, ನಿಧಾನವಾಗಿ ಹೇಳಿದರು. ಸಿಕಿರು ಮೊದಲ ಸಲ ಗೋಡೆ ಬಳಿದು ಹೋದ ಎರಡೇ ದಿನಕ್ಕೆ, ಅಳತೆ ಟೇಪು ಹಿಡಿದ ಗಂಡಸೊಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಬಂದನಂತೆ. ಮನೆ ತನ್ನದು, ಯಜಮಾನ ಅನಿಸೆಟೊ ಮೊಂಟೇರೊಗೆ ಮುಂಗಡ ಕೊಟ್ಟಾಗಿದೆ ಎಂದನಂತೆ. ಅನಿಸೆಟೊ ನೋಡಲು ಹೇಗಿದ್ದಾರೆ ಎಂದು ಇವರು ಕೇಳಿದರೆ, ಮೂವತ್ತರ ಆಸುಪಾಸು, ಚಿನ್ನದ ಹಲ್ಲು ಎಂದನಂತೆ. ಎರಡನೆಯ ಸಲ ಗೋಡೆ ಬಳಿದಾಗ ಗಂಡಹೆಂಡತಿ ಕಂಕುಳಲ್ಲಿ ಮಗು ಎತ್ತಿಕೊಂಡು ಬಂದರಂತೆ. ಅವರಿಗೂ ಅದೇ ಚಿನ್ನದ ಹಲ್ಲಿನವನು ಸಿಕ್ಕಿದ್ದ. ಓಣಿಗೆ ಬೆಲೆ ಬಂದಿದೆ, ಹಳೆಯ ಬರಹ ಅಳಿಸಿದ ಗೋಡೆ ಕಂಡರೆ ಮನೆ ಬಿಕರಿಗಿದೆ ಎಂದು ಇಂಥವರಿಗೆ ಡಂಗುರ ಹೊಡೆದಂತೆ.

“ಆ ಹುಡುಗಿ ಇಲ್ಲೇ, ನೀನು ಕೂತಿರೋ ಸ್ಟೂಲ್ ಮೇಲೇ ಕೂತ್ಕೊಂಡು ಅತ್ತಳು” ಎಂದರು. “ಮಗೂಗೆ ಗಂಜಿ ಮಾಡಿಕೊಟ್ಟೆ. ಇನ್ನೇನು ಮಾಡಲಿ? ಅವತ್ತೇ ಬರೆದೆ. ನೀನು ಅಳಿಸ್ದೆ. ನಾನು ಬರೆದೆ. ಸರಿ, ಅವಳಿಗೆ ಹಳದಿ ಇಷ್ಟ, ನನಗೆ ಕೆಂಪು ಬೇಕು, ಹೀಗೇ ನಡೀಲಿ ಅನ್ಕೊಂಡೆ.”

ನನಗೆ ಯಾಕೆ ಹೇಳಲಿಲ್ಲ ಎಂದೆ. ನೀನು ಯಾಕೆ ಕೇಳಲಿಲ್ಲ ಎಂದರು. ಬಂದಾಗಲೆಲ್ಲ ನೀನು ಗೋಡೆ ನೋಡಿ, ಆಮೇಲೆ ನಿನ್ನ ಚಪ್ಪಲಿ ನೋಡಿಕೊಂಡು ಕೂರುತ್ತಿದ್ದೆ, ಏನೋ ಮನಸ್ಸಿಗೆ ಬೇಜಾರಿದೆ, ಗಂಡನ ನೆನಪಿರಬೇಕು ಎಂದು ನಾನೂ ಸುಮ್ಮನಿದ್ದೆ ಎಂದರು. ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ.

“ಆದ್ರೆ ಮನೆ ಮಾರಾಟ ಆಗಿದೆಯಲ್ಲ, ಆಂಟಿ.”

“ಆಯ್ತು. ನೀನು ಕೊಂಡಾಯ್ತು. ಇನ್ನು ನೀನು ಮಾರ್ತೀಯಾ?”

“ಇಲ್ಲ.”

“ಮತ್ತೆ? ಬರೆದಿರೋದ್ರಲ್ಲಿ ತಪ್ಪೇನಿದೆ?”

ಅವರು ಎದ್ದು ಡಬ್ಬಿಗೆ ಮುಚ್ಚಳ ಹಾಕಿ, ಬಚ್ಚಲಿನ ಹಿಂದಿನ ಗೂಡನ್ನು ತೋರಿಸಿದರು. “ಬಣ್ಣ ಇಲ್ಲಿಟ್ಟಿರ್ತೀನಿ, ನೋಡ್ಕೋ. ಕುಂಚ ಸೀಮೆಎಣ್ಣೇಲಿ ಅದ್ದಿಡಬೇಕು, ಇಲ್ದಿದ್ರೆ ಕಡ್ಡಿ ಆಗತ್ತೆ. ಮಳೆ ಬಿದ್ಮೇಲೆ ಒಂದು ಸಲ ತಿದ್ದು. ನಾನು ಹೋದ್ಮೇಲೆ ಇದನ್ನ ಯಾರು ನೋಡ್ಕೋತಾರೆ ಅನ್ನೋದೊಂದೇ ಯೋಚ್ನೆ ಆಗಿತ್ತು ನಂಗೆ.”

“ಎಲ್ಲಿಗೆ ಹೋಗ್ತೀರಿ?”

“ಈಸ್ಟರ್ ಆದ್ಮೇಲೆ ಅನಿಸೆಟೊ ಎಲ್ಲಿಗೆ ಕರ್ಕೊಂಡು ಹೋಗ್ತಾನೋ ಅಲ್ಲಿಗೆ. ಅವನ ಮಗನ ಮನೇಲಿ ಮೆಟ್ಟಿಲ ಕೆಳಗೆ ಜಾಗ ಇದೆ. ಟ್ರಂಕು ಕಟ್ಟಿಟ್ಟಿದೀನಿ. ನಿನಗೇನೂ ತಡ ಆಗಲ್ಲ.”

ಆಗ ನನಗೆ ತಿಳಿಯಿತು. ಇವರಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಎಲ್ಲ ಹೇಳಿಯಾಗಿದೆ ಎಂದು ಪ್ರತಿಯೊಬ್ಬರೂ ನನಗೆ ಹೇಳಿದ್ದರು. ಹೇಳಬೇಕಾದವರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಹುಟ್ಟಿದ ಮನೆಯಿಂದ ತಮ್ಮನ್ನು ಎಬ್ಬಿಸಲು ಬರುತ್ತಿದ್ದೇನೆಂದು ತಾವು ನಂಬಿದ್ದ ನನಗೇ ಇವರು ಸ್ಟೂಲು ಒರೆಸಿ ಕೊಟ್ಟಿದ್ದರು, ಚಪ್ಪಲಿ ಹೊಲಿದಿದ್ದರು. ಆ ಮನೆ ಕಳ್ಳರ ಪಾಲಾಗದಿರಲೆಂದು ಈ ವಯಸ್ಸಿನಲ್ಲಿ ಅಲ್ಲಾಡುವ ಸ್ಟೂಲು ಹತ್ತಿದ್ದರು.

ಅವರಿರುವವರೆಗೂ ಕೋಣೆ ಅವರದ್ದೇ ಎಂದು ನಾನು ಮೊದಲ ದಿನ ಬಾಬಾ ಅನಿಸೆಟೊಗೆ ಹೇಳಿದ್ದ ಮಾತನ್ನು ಅವರಿಗೆ ಹೇಳಿದೆ. ಸರಿಯಾಗಿ ಕೇಳಿಸಲೆಂದು ಎರಡು ಸಲ ಹೇಳಿದೆ. ಅವರು ಕೆಂಪು ಮೆತ್ತಿದ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಬಹಳ ಹೊತ್ತು ಉಜ್ಜಿಕೊಂಡರು. ನಡುಮನೆಯ ಕಡೆ ತಿರುಗಿ, ತಾತನಿಗೆ ಕೇಳಿಸಿತೋ ಇಲ್ಲವೋ ಎಂದು ನೋಡುವವರ ಹಾಗೆ ನೋಡಿದರು.

“ಅನಿಸೆಟೊಗೆ ಚಿಕ್ಕಂದಿನಿಂದ್ಲೂ ಮರೆವು” ಎಂದರು ಕೊನೆಗೆ. “ಒಳ್ಳೇ ಹುಡುಗ. ಮರೆವು.”

ಟ್ರಂಕಿನ ಹಗ್ಗ ಬಿಚ್ಚಲು ನಾನು ಬಗ್ಗಿದೆ. ಗಂಟು ಬಿಗಿಯಾಗಿತ್ತು, ಇಬ್ಬರೂ ಸೇರಿ ಬಿಚ್ಚಬೇಕಾಯಿತು. ಮೇಲೆಯೇ, ಹಳೆಯ ಲೇಸ್ ಬಟ್ಟೆಯಲ್ಲಿ ಸುತ್ತಿದ ನೀಲಿ ಅಂಚಿನ ಬಟ್ಟಲುಗಳಿದ್ದವು. ಅವುಗಳನ್ನು ಅವರು ಒಂದೊಂದಾಗಿ ತೆಗೆದು ಹಾಸಿಗೆಯ ಮೇಲಿಟ್ಟರು. ಈ ವರ್ಷ ಮಾಡುವುದೋ ಬೇಡವೋ ಎಂದು ತೋಚದೆ ಕಾಳನ್ನು ಇನ್ನೂ ನೆನೆಹಾಕಿಲ್ಲ, ಈಗಲೇ ಹಾಕಬೇಕು ಎಂದರು. ನಾನು ಹೊರಟಾಗ ಬಾಗಿಲವರೆಗೆ ಬಂದು, “ನಾಳೆ ಬೇಗ ಬಾ. ಗಂಜಿ ತೊಳಸೋಕೆ ನನ್ನೊಬ್ಳ ಕೈ ಸಾಲಲ್ಲ” ಎಂದರು.

ಬಸ್ಸಿನಿಂದಲೇ ಬಾಬಾ ಅನಿಸೆಟೊಗೆ ಫೋನ್ ಮಾಡಿದೆ. ಅತ್ತೆಗೆ ಹೇಳಿದ್ದೆನಲ್ಲ ಎಂದರು. ಸ್ವಲ್ಪ ತಡೆದು, ಹೇಳಿದ್ದೆ ಅಂದುಕೊಂಡಿದ್ದೆ ಎಂದರು. ಇನ್ನೂ ಸ್ವಲ್ಪ ತಡೆದು, ಬೆನೆಡಿಟಾ ಹೇಳಿರುತ್ತಾಳೆ ಅಂದುಕೊಂಡಿದ್ದೆ ಎಂದರು. ಹಾಗಾದರೆ ಗೋಡೆಗೆ ಬರೆಯುತ್ತಿದ್ದವರು ಯಾರು ಎಂದು ಕೇಳಿದರು. ಈಗ ಅದು ನನ್ನ ಗೋಡೆಯಲ್ಲವೇ ಬಾಬಾ, ನಾನೇ ಬರೆಸಿದೆ ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ದೇವರು ದೊಡ್ಡವನು ಎಂದು ಫೋನಿಟ್ಟರು.

ಶುಭ ಶುಕ್ರವಾರ ಬೆಳಿಗ್ಗೆ ಹೋದಾಗ ಹಿತ್ತಲಲ್ಲಿ ಒಲೆ ಉರಿಯುತ್ತಿತ್ತು. ಬೆಂದ ಕಾಳನ್ನು ರುಬ್ಬಿ ಸೋಸಿಟ್ಟಿದ್ದರು. ನಾನು ತೆಂಗಿನಕಾಯಿ ತುರಿದೆ, ಅವರು ಹಾಲು ಹಿಂಡಿದರು. ಉದ್ದನೆಯ ಮರದ ಹುಟ್ಟನ್ನು ನನ್ನ ಕೈಗೆ ಕೊಟ್ಟು, ಒಂದೇ ದಿಕ್ಕಿಗೆ ತಿರುಗಿಸು, ನಿಲ್ಲಿಸಬೇಡ ಎಂದರು. ತೋಳು ಸೋತಿತು, ಹೊಗೆಗೆ ಕಣ್ಣು ಉರಿಯಿತು. ಲವಂಗ ಬಿತ್ತು. ಯಾವುದೋ ಒಂದು ಗಳಿಗೆಯಲ್ಲಿ, ನಾನು ಸ್ವಲ್ಪ ನಿಧಾನ ಮಾಡಿದ್ದಕ್ಕೋ ಏನೋ, ತಳ ಇಷ್ಟೇ ಇಷ್ಟು ಹತ್ತಿತು. ವಾಸನೆ ಎದ್ದು, ನಡುಮನೆಯ ಕಲ್ಲಿನ ಮೇಲೆ ಹಾದು, ಬಾಗಿಲಿನ ಕಡೆ ಹೊರಟಿತು. ನಾನು ತಪ್ಪಾಯಿತೆಂದು ಮುಖ ನೋಡಿದೆ. ಪೆರ್ಪೆತುವಾ ಆಂಟಿ ಮೂಗರಳಿಸಿ, ಹೌದು, ಈಗ ಸರಿಯಾಯಿತು ಎನ್ನುವಂತೆ ತಲೆಯಾಡಿಸಿದರು.

ಮಧ್ಯಾಹ್ನ ಅವರು ಬಟ್ಟಲುಗಳಿಗೆ ಬಡಿಸಿದರು. ಒಂದನ್ನು ಬಿಳಿಯ ಬಟ್ಟೆಯಿಂದ ಮುಚ್ಚಿ ನನ್ನ ಎರಡೂ ಕೈಗಳಲ್ಲಿಟ್ಟರು. ಅಭ್ಯಾಸಬಲದಿಂದ ನಾನು ಥ್ಯಾಂಕ್ಸ್ ಹೇಳಿ, ಎಲ್ಲಿ ಕೂತು ತಿನ್ನಲಿ ಎಂದು ಸುತ್ತ ನೋಡಿದೆ. ಸುರುಲೆರೆಗೆ ಒಯ್ಯಲು ಕೊಟ್ಟಿದ್ದಾರೋ ಎಂದೂ ಅನ್ನಿಸಿತು. ಚೀಲದ ಬಾಯಿ ಎಷ್ಟು ಅಗಲವಿದೆ ಎಂದು ಯೋಚಿಸಿದೆ. ಅವರು ನನ್ನ ಮೊಣಕೈ ಹಿಡಿದು, ಮಗುವನ್ನು ತಿರುಗಿಸುವ ಹಾಗೆ, ಮೆಲ್ಲಗೆ ನನ್ನನ್ನು ಬೀದಿಬಾಗಿಲಿನ ಕಡೆಗೆ ತಿರುಗಿಸಿದರು.

ಹೊಸ್ತಿಲು ದಾಟಿದೆ, ಈ ಸಲ ಒಳಗಿನಿಂದ. ಹೊರಗೆ ಬಿಸಿಲು. ಬೆನ್ನ ಹಿಂದೆ ಕೆಂಪು ಅಕ್ಷರಗಳು ಒಣಗಿದ್ದವು. ಬಟ್ಟಲು ಬಿಸಿ ಇತ್ತು, ಓಣಿ ನೆನಪಿನಲ್ಲಿದ್ದುದಕ್ಕಿಂತ ಕಿರಿದಾಗಿತ್ತು. ನಮ್ಮ ಹಳೆಯ ಕೋಣೆಯ ಬಾಗಿಲ ಮುಂದೆ ನಿಂತು, ಹೇಗೆ ತಟ್ಟುವುದೆಂದು ಒಂದು ಕ್ಷಣ ತೋಚಲಿಲ್ಲ. ಆಮೇಲೆ ಮೊಣಕೈಯಿಂದ ಗುದ್ದಿದೆ. ಚಿಸೊಮ್ ಒದ್ದೆ ಕೂದಲಲ್ಲೇ ಬಾಗಿಲು ತೆರೆದಳು, ನನ್ನನ್ನೂ ಬಟ್ಟಲನ್ನೂ ಅರ್ಥವಾಗದೆ ನೋಡಿದಳು.

ಬಿಸಿ ಇದೆ ಎಂದು ಹೇಳಿ, ಬಟ್ಟಲನ್ನು ಅವಳ ಕೈಗಿಟ್ಟೆ.